ಮಾಣಿಕ್ಯವೂ ಬಳಪದ ಕಲ್ಲೂ

ಅಲ್ಯೂಮಿನಿಯಂ ಮತ್ತು ಆಮ್ಲಜನಕ ಸೇರಿದ ಕುರುಂದ ಎಂಬ ಖನಿಜಕ್ಕೆ ಸ್ವಂತ ಬಣ್ಣವಿಲ್ಲ. ಅದು ಹರಳುಗಟ್ಟುವಾಗ ತುಸು ಕ್ರೋಮಿಯಂ ಸೇರಿದರೆ ಮಾಣಿಕ್ಯ. ಕಬ್ಬಿಣ, ಟೈಟಾನಿಯಂ ಬೆರೆತರೆ ಅದೇ ನೀಲ. ಉಂಗುರದ ಈ ಹರಳುಗಳ ಬಣ್ಣವೆಲ್ಲ ಇಷ್ಟರಿಂದಲೇ!

ಇನ್ನು ಹರಳುಗಳಿಂದ ಬಂಡೆಗಳ ಕಡೆಗೆ ಬಂದರೆ, ಹಂಪಿಯ ಬಂಡೆಗಳು ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದ ಶಿಲಾಪಾಕ ನಿಧಾನವಾಗಿ ತಣಿದು ಆದ ಗ್ರಾನೈಟ್. ಬಾದಾಮಿಯ ಕೆಂಪು ಬಂಡೆ ಪದರಪದರವಾಗಿ ಬಿಗಿದ ಮರಳು.

ನನಗೆ ಇವೆಲ್ಲಕ್ಕಿಂತ ದೊಡ್ಡ ಸೋಜಿಗ ಹಳೇಬೀಡಿನ ದೇವಾಲಯದ ಬಳಪದ ಕಲ್ಲು. ಮೆಗ್ನೀಸಿಯಂ ಹೆಚ್ಚಿರುವ ಹಳೆಯ ಶಿಲೆ ಆಳದಲ್ಲಿ ಶಾಖ, ಒತ್ತಡ, ಬಿಸಿನೀರಿಗೆ ಸಿಕ್ಕಿ, ಕರಗದೆಯೇ ತನ್ನೊಳಗಿನ ಖನಿಜಗಳನ್ನು ಬದಲಿಸಿಕೊಂಡಾಗ ಹುಟ್ಟುವ ಕಲ್ಲು ಇದು. ಇದರಲ್ಲಿರುವ ಟಾಲ್ಕ್ ಉಗುರಿಗೂ ಗೀರು ಬೀಳುವಷ್ಟು ಮೆದು. 12ನೇ ಶತಮಾನದ ಶಿಲ್ಪಿಗಳು ವಿಗ್ರಹಗಳ ಸರದ ಒಂದೊಂದು ಮಣಿಯನ್ನೂ ಬಿಡಿಸಿ ಕಡೆಯಲು ಸಾಧ್ಯವಾದದ್ದು ಅವರ ಕೈಚಳಕದಿಂದ, ಜೊತೆಗೆ ಕಲ್ಲಿನ ಈ ಗುಣದಿಂದ. ಮೆದುವಾದದ್ದು ಬೇಗ ಸವೆಯುತ್ತದೆ, ಕೈಯ ಎಣ್ಣೆಜಿಡ್ಡೂ ಅದಕ್ಕೆ ಹಿಡಿಯುತ್ತದೆ. ಹಳೇಬೀಡಿಗೆ ಹೋದಾಗ ಕಣ್ತುಂಬ ನೋಡಿ, ಮಕ್ಕಳಿಗೂ ತೋರಿಸಿ. ದಯವಿಟ್ಟು ಶಿಲ್ಪಗಳನ್ನು ಮುಟ್ಟಬೇಡಿ.