ಮನೆಯ ಅಂತರಜಾಲ: ದೋಷ ಎಲ್ಲಿದೆ?
(ಸಂಘದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಸಂಘದ ವೇದಿಕೆಯಲ್ಲಿ ಸಾಮಾನ್ಯವಾಗಿ ಸಾಹಿತ್ಯ, ಸಂಗೀತಗಳ ವಿಚಾರ ಕೇಳಿಬರುತ್ತದೆ. ನನಗೆ ಒಪ್ಪಿಸಿರುವ ವಿಷಯ ತೀರ ಲೌಕಿಕವಾದುದು: ಮನೆಯ ಗಣಕಯಂತ್ರಕ್ಕೆ ಬರುವ ಅಂತರಜಾಲದ ಸಂಪರ್ಕ ಪದೇ ಪದೇ ಏಕೆ ಕಡಿಯುತ್ತದೆ, ದೋಷ ಎಲ್ಲಿದೆಯೆಂದು ಪತ್ತೆಹಚ್ಚುವುದು ಹೇಗೆ ಎಂಬುದು. ಲೌಕಿಕವಾದರೂ ಇದು ಕ್ಷುಲ್ಲಕವಲ್ಲ. ಅಮೆರಿಕದ ನಮ್ಮ ಶನಿವಾರದ ರಾತ್ರಿ ಊರಿನಲ್ಲಿ ಭಾನುವಾರದ ಬೆಳಗು. ಕಾಫಿ ಮುಗಿಸಿ ಹಿರಿಯರು ಪರದೆಯ ಮುಂದೆ ಕುಳಿತಿರುತ್ತಾರೆ. ಮೊಮ್ಮಗಳು ಬಾಯಿ ತೆರೆಯುವಷ್ಟರಲ್ಲಿ ಚಿತ್ರ ಸ್ತಬ್ಧವಾಗುತ್ತದೆ. ಕಡಿದುಹೋದದ್ದು ತಂತಿಯೋ, ಮಗುವಿನ ಆಸಕ್ತಿಯೋ ಕಿವಿ ಮಂದವಾದ ಅಜ್ಜಿಗೆ ತಿಳಿಯದು. ಹೀಗೆ ನಾಲ್ಕು ವಾರ ನಡೆದರೆ ಕರೆ ಮಾಡುವ ರೂಢಿಯೇ ತಪ್ಪುತ್ತದೆ.

ಮೊದಲೇ ಒಂದು ಮಾತು. ಕರೆ ಕೆಟ್ಟಾಗಲೆಲ್ಲ ತಪ್ಪು ನಮ್ಮ ಮನೆಯದೇ ಆಗಿರಬೇಕಿಲ್ಲ. ನ್ಯೂಯಾರ್ಕಿನಿಂದ ಬೆಂಗಳೂರು ನೇರ ದೂರದಲ್ಲಿ ಸುಮಾರು 13 ಸಾವಿರ ಕಿಲೋಮೀಟರು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಸಾಗುತ್ತದೆ. ಹೋಗಿ ಬರಲು 130 ಮಿಲಿಸೆಕೆಂಡು ಬೇಕೇ ಬೇಕು. ಎಳೆಗಳು ನೇರವಾಗಿ ಹಾಸಿಲ್ಲವಾದ್ದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಮಾತಿನ ನಡುವಿನ ಆ ಸಣ್ಣ ತಡೆಯನ್ನು ಯಾವ ರೂಟರೂ ನೀಗಿಸಲಾರದು. ಊರಿನಲ್ಲಿ ಕರೆಂಟು ಹೋದರೆ ಅಲ್ಲಿಯ ರೂಟರೂ ಆರುತ್ತದೆ. ಅದಕ್ಕೆ ಪುಟ್ಟದೊಂದು ಯುಪಿಎಸ್ ಕೊಡಿಸಿದರೆ ಸಾಕು. ನಾನು ಹೇಳಹೊರಟಿರುವುದು ಉಳಿದ ಸಂಗತಿ, ನಮ್ಮ ಮನೆಯ ತುದಿಯ ಸಂಗತಿ.

ಸಂಪರ್ಕ ಕೆಟ್ಟಾಗ ಬಹುಮಂದಿ ಮಾಡುವುದು ಎರಡೇ ಕೆಲಸ: ರೂಟರಿನ ಪ್ಲಗ್ಗನ್ನು ಕಿತ್ತು ಮತ್ತೆ ಚುಚ್ಚುವುದು, ಫಲಿಸದಿದ್ದರೆ ಹೊಸ ರೂಟರು ತರುವುದು. ಮೊದಲನೆಯದು ಕೆಟ್ಟ ಉಪಾಯವೇನಲ್ಲ. ಎರಡನೆಯದು ಅನೇಕ ವೇಳೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ದೋಷ ಯಾವ ಭಾಗದಲ್ಲಿದೆಯೆಂದು ನಿಶ್ಚಯವಾಗುವವರೆಗೆ ಏನನ್ನೂ ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕೆರೆಯ ನೀರನ್ನು ಗದ್ದೆಗಳಿಗೆ ಹಂಚಲು ನೀರುಗಂಟಿ ಎಂಬಾತ ಇರುತ್ತಿದ್ದುದನ್ನು ಹಿರಿಯರು ಬಲ್ಲರು. ರೂಟರು ಮನೆಯ ನೀರುಗಂಟಿ. ಕಂಪನಿಯ ಕೇಬಲ್ ಗೋಡೆಯಿಂದ ಮೋಡೆಮ್ಮಿಗೆ ಬರುತ್ತದೆ, ಮೋಡೆಮ್ಮಿನಿಂದ ರೂಟರಿಗೆ, ರೂಟರು ಪ್ರತಿಯೊಂದು ಉಪಕರಣಕ್ಕೂ ಒಂದು ಒಳವಿಳಾಸ ಕೊಟ್ಟು ಹಂಚುತ್ತದೆ. (ಹಲವು ಮನೆಗಳಲ್ಲಿ ಮೋಡೆಮ್, ರೂಟರು ಎರಡೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ.) ಗದ್ದೆಗೆ ನೀರು ಬಾರದಿದ್ದರೆ ರೈತ ಕಾಲುವೆಗುಂಟ ತೂಬಿನ ಕಡೆಗೆ ನಡೆಯುತ್ತಾನೆ. ನಾವೂ ಗಣಕದಿಂದ ಹೊರಟು ಹಾಗೆಯೇ ನಡೆಯಬೇಕು.

ಇದಕ್ಕೆ ಪಿಂಗ್ ಎಂಬ ಪುಟ್ಟ ಸಾಧನವಿದೆ. 1983ರ ಡಿಸೆಂಬರಿನಲ್ಲಿ ಮೈಕ್ ಮೂಸ್ ಎಂಬ ಅಮೆರಿಕದ ಗಣಕತಜ್ಞರು ಬರೆದದ್ದು. ಜಲಾಂತರ್ಗಾಮಿಗಳ ಸೋನಾರಿನ ಸದ್ದಿನಿಂದ ಆ ಹೆಸರು ಬಂತು. ‘ಇದ್ದೀಯಾ?’ ಎಂದು ಕೂಗುವುದು, ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಅಳೆಯುವುದು, ಅಷ್ಟೇ ಅದರ ಕೆಲಸ. ವಿಂಡೋಸ್ ಗಣಕದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ‘ಡೀಫಾಲ್ಟ್ ಗೇಟ್‌ವೇ’ ಎಂಬ ಸಾಲಿನಲ್ಲಿ ರೂಟರಿನ ವಿಳಾಸ ಕಾಣುತ್ತದೆ, ಬಹುಶಃ 192.168.1.1 ಅಥವಾ 192.168.0.1. ಒಂದು ಕಿಟಕಿಯಲ್ಲಿ ಆ ವಿಳಾಸಕ್ಕೂ ಇನ್ನೊಂದರಲ್ಲಿ ಮನೆಯ ಹೊರಗಿನ 8.8.8.8ಕ್ಕೂ ಪಿಂಗ್ ಹಚ್ಚಿಡಿ. ವಿಳಾಸದ ಮುಂದೆ ತೆರಪು ಬಿಟ್ಟು, ಕಿರುಗೆರೆ ಎಳೆದು, ಟಿ ಅಕ್ಷರ ಸೇರಿಸಿದರೆ ನಾವು ನಿಲ್ಲಿಸುವವರೆಗೂ ಅದು ಕೂಗುತ್ತಲೇ ಇರುತ್ತದೆ.

ಸಂಪರ್ಕ ಕಡಿದ ಕ್ಷಣದಲ್ಲಿ ಎರಡು ಕಿಟಕಿಗಳನ್ನೂ ನೋಡಿ. ರೂಟರು ಉತ್ತರಿಸುತ್ತಿದ್ದು ಹೊರಗಿನದು ಮೌನವಾಗಿದ್ದರೆ ದೋಷ ರೂಟರಿನಿಂದಾಚೆಗೆ, ಅಥವಾ ಅಪರೂಪಕ್ಕೆ ರೂಟರಿನಲ್ಲಿಯೇ ಇದೆ. ರೂಟರೇ ಮೌನವಾಗಿದ್ದರೆ ದೋಷ ಮನೆಯೊಳಗಿನದು. ಎರಡೂ ಉತ್ತರಿಸುತ್ತಿದ್ದು ಪುಟಗಳು ಮಾತ್ರ ತೆರೆಯದಿದ್ದರೆ, ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ಸೇವೆ ಕೈಕೊಟ್ಟಿರಬಹುದು. ರೂಟರಿನಲ್ಲಿ ಅದನ್ನು 8.8.8.8 ಅಥವಾ 1.1.1.1ಕ್ಕೆ ಬದಲಿಸಿ ನೋಡಬಹುದು. ಗಣಕದ ವಿಳಾಸ 169.254 ಎಂದು ಆರಂಭವಾಗಿದ್ದರೆ ರೂಟರಿನಿಂದ ಅದಕ್ಕೆ ವಿಳಾಸವೇ ದೊರೆತಿಲ್ಲವೆಂದು ತಿಳಿಯಬೇಕು.

ಮನೆಯೊಳಗಿನ ದೋಷ ಹೆಚ್ಚಾಗಿ ವೈ-ಫೈಯದು. ಈಥರ್ನೆಟ್ ತಂತಿಯಿಂದ ಗಣಕವನ್ನು ನೇರವಾಗಿ ರೂಟರಿಗೆ ಜೋಡಿಸಿದಾಗ ತೊಂದರೆ ಮಾಯವಾದರೆ ಸಂಶಯವೇ ಇಲ್ಲ. 2.4 ಗಿಗಾಹರ್ಟ್ಸ್ ಅಲೆಗಳು ಗೋಡೆಗಳನ್ನು ಚೆನ್ನಾಗಿ ದಾಟುತ್ತವೆ, ಆದರೆ ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಅದೇ ಆವರ್ತನದ ಆಸುಪಾಸಿನಲ್ಲಿಯೇ ನಡೆಯುತ್ತದೆ. ಅಮೆರಿಕದಲ್ಲಿ ಇಲ್ಲಿರುವ 11 ಚಾನೆಲ್ಲುಗಳಲ್ಲಿ ಒಂದರ ಮೇಲೊಂದು ಬೀಳದವು 1, 6, 11 ಮಾತ್ರ. ಅಪಾರ್ಟ್‌ಮೆಂಟುಗಳಲ್ಲಿ ನೆರೆಹೊರೆಯವರೆಲ್ಲ ಇವುಗಳಲ್ಲೇ ನೂಕಾಡುತ್ತಾರೆ. 5 ಗಿಗಾಹರ್ಟ್ಸಿನಲ್ಲಿ ಜಾಗ ಧಾರಾಳ, ಗೋಡೆ ದಾಟುವ ಶಕ್ತಿ ಕಡಿಮೆ. ಯುಎಸ್‌ಬಿ 3.0 ಸಾಧನಗಳು 2.4 ಗಿಗಾಹರ್ಟ್ಸಿನ ವೈ-ಫೈಗೆ ಅಡ್ಡಿಮಾಡುತ್ತವೆಂದು ಇಂಟೆಲ್ ಸಂಸ್ಥೆಯೇ 2012ರಲ್ಲಿ ಬರೆದಿತ್ತು. ವೈ-ಫೈ ಕಡ್ಡಿಯ ಪಕ್ಕದಲ್ಲಿ ಹಾರ್ಡ್ ಡಿಸ್ಕ್ ಚುಚ್ಚಿದ್ದರೆ ದೂರ ಸರಿಸಿ. ಅಂದಗೆಡುತ್ತದೆಂದು ರೂಟರನ್ನು ಸ್ಟೀಲ್ ಪಾತ್ರೆಗಳ ಕಪಾಟಿನಲ್ಲಿ ಅಡಗಿಸಿಡುವವರೂ ಉಂಟು. ಅದು ಮನೆಯ ನಡುವೆ, ಎತ್ತರದಲ್ಲಿ, ಎಲ್ಲರಿಗೂ ಕಾಣುವಂತೆಯೇ ಇರಬೇಕು.

ದೋಷ ಹೊರಗಿನದಾದರೆ ಮೊದಲು ಕೇಬಲ್ಲಿನ ತಿರುಪುಗಳನ್ನು ಕೈಯಿಂದ ಬಿಗಿ ಮಾಡಿ. ಟಿವಿಗೆಂದು ಎಂದೋ ಹಾಕಿದ ಸ್ಪ್ಲಿಟರ್ ಇದ್ದರೆ ತೆಗೆಯಿರಿ. ಇಬ್ಬಾಗ ಮಾಡುವ ಸ್ಪ್ಲಿಟರಿನ ಒಂದೊಂದು ಕವಲಿಗೂ ಸಂಕೇತದ ಶಕ್ತಿಯಲ್ಲಿ ಅರ್ಧಕ್ಕಿಂತ ಕಡಿಮೆಯೇ ತಲುಪುತ್ತದೆ. ಕೊನೆಗೆ ಗಣಕವನ್ನು ನೇರವಾಗಿ ಮೋಡೆಮ್ಮಿಗೆ ಜೋಡಿಸಿ, ಮೋಡೆಮ್ಮನ್ನು ಆರಿಸಿ ಹೊತ್ತಿಸಿ ನೋಡಿ. ಆಗ ಗಣಕದ ಫೈರ್‌ವಾಲ್ ಚಾಲೂ ಇರಬೇಕು. ಆಗಲೂ ಕಡಿದರೆ ಕಂಪನಿಗೆ ಕರೆಮಾಡಿ. ‘ಇಂಟರ್ನೆಟ್ ಸರಿಯಿಲ್ಲ’ ಎಂದರೆ ಅವರು ಪ್ಲಗ್ ಕೀಳಲು ಹೇಳುತ್ತಾರೆ. ‘ರೂಟರನ್ನು ಬಿಟ್ಟು ನೇರವಾಗಿ ಜೋಡಿಸಿದ್ದೇನೆ, ಇಂಥ ಇಂಥ ಹೊತ್ತಿನಲ್ಲಿ ಇಷ್ಟಿಷ್ಟು ನಿಮಿಷ ಕಡಿಯಿತು’ ಎಂದು ಬರೆದಿಟ್ಟದ್ದನ್ನು ಓದಿದರೆ ತಂತ್ರಜ್ಞನನ್ನು ಕಳಿಸುವ ಸಂಭವ ಹೆಚ್ಚು.

ಇನ್ನೊಂದು ರೋಗವಿದೆ, ಅದರಲ್ಲಿ ಏನೂ ಕಡಿಯುವುದಿಲ್ಲ, ಆದರೂ ಮಾತು ತೊದಲುತ್ತದೆ. ಯಾರೋ ಫೋಟೋಗಳನ್ನು ಮೇಲೇರಿಸತೊಡಗಿದೊಡನೆ 20 ಮಿಲಿಸೆಕೆಂಡಿನ ಪಿಂಗ್ ಹಲವು ನೂರಕ್ಕೆ ಏರುತ್ತದೆ. ಕೇಬಲ್ ಸಂಪರ್ಕದಲ್ಲಿ ಹೊರಹೋಗುವ ದಾರಿ ಸಾಮಾನ್ಯವಾಗಿ ಕಿರಿದು. ಅಲ್ಲಿ ಉದ್ದನೆಯ ಸರದಿ ಬೆಳೆದು ಕರೆಯ ಮಾತುಗಳು ಅದರ ಹಿಂದೆ ಕಾಯುತ್ತವೆ. ಜಿಮ್ ಗೆಟ್ಟಿಸ್ ಎಂಬ ತಜ್ಞರು 2010ರಲ್ಲಿ ತಮ್ಮ ಮನೆಯ ಸಂಪರ್ಕದಲ್ಲಿಯೇ ಇದನ್ನು ಕಂಡು ‘ಬಫರ್‌ಬ್ಲೋಟ್’ ಎಂದು ಕರೆದರು. ಕ್ಯಾಥ್ಲೀನ್ ನಿಕೋಲ್ಸ್, ವ್ಯಾನ್ ಜೇಕಬ್‌ಸನ್ ಇಬ್ಬರೂ 2012ರಲ್ಲಿ ಪರಿಹಾರವನ್ನು ಪ್ರಕಟಿಸಿದರು. ಹೆಚ್ಚು ಹಣದ ಪ್ಲಾನು ಇದಕ್ಕೆ ಮದ್ದಲ್ಲ. ರೂಟರಿನಲ್ಲಿ ಎಸ್‌ಕ್ಯೂಎಂ ಎಂಬ ಆಯ್ಕೆಯಿದ್ದರೆ, ಅಳೆದು ಬಂದ ವೇಗಕ್ಕಿಂತ ತುಸು ಕಡಿಮೆ ಅಂಕಿಯನ್ನು ಅಲ್ಲಿ ನಮೂದಿಸಿ. ಆ ಆಯ್ಕೆ ಇಲ್ಲದಿದ್ದರೆ ಮಾತ್ರ ಹೊಸ ರೂಟರಿಗೆ ಹಣ ಹಾಕುವುದು ನ್ಯಾಯ.

ಪಿಂಗಿನ ಅಂಕಿಗಳನ್ನು ಬರೆದು ತಂದವರು ಯಾರಾದರೂ ಇದ್ದರೆ ಅವನ್ನೇ ಮೊದಲು ನೋಡೋಣ. ಉಳಿದ ಪ್ರಶ್ನೆಗಳು ಆಮೇಲೆ.