ಮರದ ಮೇಲಿನ ನೋಟಿಸು

ಗೋರೆಗಾಂವ್ ಪೂರ್ವದಲ್ಲಿ ಇಳಿದು ಆರೆ ಕಾಲನಿಯ ದಾರಿ ಹಿಡಿದವರಿಗೆ ಅಲ್ಲಿನ ತಂಪು ಗೊತ್ತು. ಆ ತಂಪಿನಲ್ಲಿ ಒಂದು ಪಾಲು ಹೋದದ್ದು ಹೇಗೆ, ನೆನಪಿದೆಯೇ?

ಮೆಟ್ರೋ 3ರ ಕಾರ್ ಶೆಡ್‌ಗಾಗಿ 2,646 ಮರಗಳನ್ನು ಕಡಿಯಲು ಇಲ್ಲವೇ ಕಿತ್ತು ಬೇರೆಡೆ ನೆಡಲು ಮುಂಬೈ ಮಹಾನಗರಪಾಲಿಕೆಯ ವೃಕ್ಷ ಪ್ರಾಧಿಕಾರ 2019ರ ಆಗಸ್ಟ್ 29ರಂದು ಒಪ್ಪಿತು. ಸಾವಿರಾರು ಜನ ಮೊದಲೇ ಆಕ್ಷೇಪ ಬರೆದುಕೊಟ್ಟಿದ್ದರು. ಅಕ್ಟೋಬರ್ 4ರಂದು ಹೈಕೋರ್ಟ್ ಅರ್ಜಿಗಳನ್ನು ತಳ್ಳಿಹಾಕಿತು. ಆ ರಾತ್ರಿಯೇ ಗರಗಸದ ಸದ್ದು ಶುರುವಾಯಿತು. 7ರಂದು ಸುಪ್ರೀಂ ಕೋರ್ಟ್ ತಡೆಯುವಷ್ಟರಲ್ಲಿ 2,141 ಮರಗಳು ಉರುಳಿದ್ದವು. ಪಕ್ಕದ ಪ್ರಜಾಪುರ ಪಾಡಾದ ಆದಿವಾಸಿಗಳಿಗೆ ಹೋದ ನೆರಳು ತಡೆಯಾಜ್ಞೆಯಿಂದ ಮರಳಲಿಲ್ಲ.

ಮೆಟ್ರೋ ಬೇಡವೆಂದಲ್ಲ. 2024ರಿಂದ ಅದು ಓಡುತ್ತಿದೆ, ನಾವೂ ಹತ್ತುತ್ತೇವೆ. 'ಆಕ್ಷೇಪ ಬರೆದೂ ಸೋತರಲ್ಲ' ಎನ್ನುತ್ತೀರಾ? ಪೂರ್ತಿ ಸೋಲಲಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ 84 ಮರಗಳ ಮಿತಿ ಹಾಕಿತು. ಅದನ್ನು ಮೀರಿ ಅನುಮತಿ ಕೇಳಲು ಹೋದ ಮೆಟ್ರೋ ನಿಗಮಕ್ಕೆ 2023ರಲ್ಲಿ 10 ಲಕ್ಷ ರೂಪಾಯಿ ದಂಡ ವಿಧಿಸಿತು, ಕೆಲಸವನ್ನೇನೂ ನಿಲ್ಲಿಸಲಿಲ್ಲ.

ಮರ ಕಡಿಯುವ ಮೊದಲು ಮರದ ಮೇಲೂ ಪತ್ರಿಕೆಯಲ್ಲೂ ನೋಟಿಸು ಬರಬೇಕು. ಆಕ್ಷೇಪಕ್ಕೆ ಸಿಗುವುದು ಕೆಲವೇ ದಿನ. ಮರಾಠಿ ಓದಲು ಬರದೆಂದು ದಾಟಿ ಹೋಗಬೇಡಿ. ಮನೆಯ ಮಕ್ಕಳಿಂದ ಓದಿಸಿ. ನಾಲ್ಕು ಸಾಲು ಬರೆದು ವಾರ್ಡ್ ಕಚೇರಿಗೆ ಕೊಡಿ, ನಿಮ್ಮ ಪ್ರತಿಗೆ ಠಸ್ಸೆ ಹಾಕಿಸಿಕೊಳ್ಳಿ. ನಾಳೆ ಕೋರ್ಟಿನ ಮೆಟ್ಟಿಲು ಹತ್ತುವವರಿಗೆ ಅದೇ ಸಾಕ್ಷಿ.