ಗಲ್ಲು ಅಂದ ಮೇಲೂ ಯಾಕಿಷ್ಟು ಅಪೀಲು? ಪೀಣ್ಯ ಕೇಸಿನ 24 ವರ್ಷ

ಆರ್.ಟಿ. ನಗರದಿಂದ ನಾನು. ‘ಕೋರ್ಟ್ ಗಲ್ಲು ಅಂದಮೇಲೆ ಮುಗೀತಲ್ವಾ, ಮತ್ತೆ ಅಪೀಲು ಯಾಕೆ?’ ಈ ಪ್ರಶ್ನೆ ತುಂಬಾ ಜನಕ್ಕಿದೆ. ಉತ್ತರಕ್ಕೆ ದೂರ ಹೋಗೋದು ಬೇಡ. ಯಶವಂತಪುರ ದಾಟಿದ್ರೆ ಪೀಣ್ಯ. ಅಲ್ಲಿನ ಒಂದು ಕೇಸೇ ಸಾಕು.

1998ರ ಫೆಬ್ರವರಿ. ಪೀಣ್ಯದ ಮನೆಯೊಂದರಲ್ಲಿ ಮಹಿಳೆಯ ಮೇಲೆ ಅತ್ಯಾಚಾರ, ಕೊಲೆ. ಆಟ ಮುಗಿಸಿ ಬಂದ ಆಕೆಯ ಪುಟ್ಟ ಮಗ ಮನೆಯೊಳಗಿದ್ದ ಅಪರಿಚಿತನನ್ನು ನೋಡಿದ್ದ. ಮುಂದೆ ಕೋರ್ಟಿನಲ್ಲಿ ಆ ಹುಡುಗನ ಸಾಕ್ಷ್ಯಕ್ಕೆ ದೊಡ್ಡ ತೂಕ ಸಿಕ್ಕಿತು. ಅಪರಾಧಿ ಉಮೇಶ್ ರೆಡ್ಡಿ. 2006ರಲ್ಲಿ ಬೆಂಗಳೂರಿನ ವಿಚಾರಣಾ ಕೋರ್ಟ್ ಅವನಿಗೆ ಗಲ್ಲು ಶಿಕ್ಷೆ ಕೊಟ್ಟಿತು.

ಇಲ್ಲೊಂದು ವಿಷಯ ಗಮನಿಸಿ. ಅಪರಾಧಿ ಅಪೀಲು ಹಾಕದಿದ್ರೂ ಗಲ್ಲು ಶಿಕ್ಷೆಯ ಫೈಲು ಹೈಕೋರ್ಟಿಗೆ ಹೋಗಲೇಬೇಕು. ಹೈಕೋರ್ಟ್ ಖಾಯಂ ಮಾಡೋವರೆಗೆ ಅದು ಜಾರಿಯಾಗಲ್ಲ. ನಾನು ಬಿ.ಕಾಂ. ಓದಿದವನು, ನನಗೆ ಇದು ಆಡಿಟ್ ಥರ ಕಾಣುತ್ತೆ. ಲೆಕ್ಕ ಬರೆದವರೇ ಲೆಕ್ಕ ಪಾಸು ಮಾಡೋ ಹಾಗಿಲ್ಲ.

2007ರಲ್ಲಿ ಹೈಕೋರ್ಟಿನ ಇಬ್ಬರೂ ನ್ಯಾಯಮೂರ್ತಿಗಳು ‘ಇವನೇ ಅಪರಾಧಿ’ ಅಂದ್ರು. ಆದ್ರೆ ಶಿಕ್ಷೆ ವಿಷಯದಲ್ಲಿ ಒಬ್ಬರು ಗಲ್ಲು, ಇನ್ನೊಬ್ಬರು ಜೀವಾವಧಿ. ಹೀಗಾದಾಗ ಕೇಸು ಮೂರನೇ ನ್ಯಾಯಮೂರ್ತಿ ಹತ್ರ ಹೋಗುತ್ತೆ. 2009ರಲ್ಲಿ ಅವರು ಗಲ್ಲು ಎತ್ತಿಹಿಡಿದ್ರು. ಸ್ಕಾಟ್ಲೆಂಡಿನಲ್ಲಿ, ‘ನಾನು ಅಪರಾಧಿಯಲ್ಲ’ ಅನ್ನೋ ಅಪೀಲನ್ನು ಸಾಮಾನ್ಯವಾಗಿ ಮೂವರು ನ್ಯಾಯಮೂರ್ತಿಗಳೇ ಕೇಳ್ತಾರೆ. ಸಮಬಲದ ಪ್ರಶ್ನೆಯೇ ಬರಲ್ಲ.

2011ರಲ್ಲಿ ಸುಪ್ರೀಂ ಕೋರ್ಟ್ ಕೂಡ ಗಲ್ಲು ಖಾಯಂ ಮಾಡಿತು. 2013ರಲ್ಲಿ ರಾಷ್ಟ್ರಪತಿ ಕ್ಷಮಾದಾನದ ಅರ್ಜಿ ತಿರಸ್ಕರಿಸಿದರು. ಎಲ್ಲಾ ಬಾಗಿಲು ಮುಚ್ಚಿತು ಅನ್ನಿಸಿತ್ತು. ಆದ್ರೆ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗಲ್ಲು ರದ್ದು ಮಾಡಿ ಜೀವಾವಧಿ ಕೊಟ್ಟಿತು. 30 ವರ್ಷ ತುಂಬೋವರೆಗೆ ಬಿಡುಗಡೆ ಅರ್ಜಿ ನೋಡೋ ಹಾಗೂ ಇಲ್ಲ.

ಕಾರಣ? ಅಪರಾಧ ಚಿಕ್ಕದು ಅಂತಲ್ಲ. 2006ರಿಂದ ಅವನನ್ನು ಬೆಳಗಾವಿ ಜೈಲಿನಲ್ಲಿ ವರ್ಷಗಟ್ಟಲೆ ಒಂಟಿ ಸೆರೆಯಲ್ಲಿ ಇಟ್ಟಿದ್ರು. ಕ್ಷಮಾದಾನದ ಅರ್ಜಿ ಇತ್ಯರ್ಥ ಆಗೋ ಮುಂಚೆ ಹಾಗೆ ಇಡೋಕೆ ಕಾನೂನಿನಲ್ಲಿ ಅವಕಾಶ ಇಲ್ಲ. ಯಾವ ಕೋರ್ಟೂ ಕೊಡದ ಶಿಕ್ಷೆಯನ್ನು ಜೈಲು ಕೊಟ್ಟಿತ್ತು.

‘ಇಂಥವನಿಗೂ ಕಾನೂನಾ?’ ಅಂತ ಸಿಟ್ಟು ಬರುತ್ತೆ. ಬರಲಿ. ಆ ಮನೆಯವರು ಕಾದದ್ದು 24 ವರ್ಷ, ಅದಕ್ಕೆ ಯಾವ ತೀರ್ಪಿನಲ್ಲೂ ಪರಿಹಾರ ಇಲ್ಲ. ವಿಳಂಬದ ಬಗ್ಗೆ ಜಗಳ ಆಡೋಣ, ಆಡಲೇಬೇಕು. ಆದ್ರೆ ಅಪೀಲೇ ಬೇಡ ಅನ್ನೋದು ಬೇರೆ ಮಾತು. ಇವನಿಗೆ ಮುಚ್ಚಿದ ಬಾಗಿಲು ನಾಳೆ ತಪ್ಪಾಗಿ ಸಿಕ್ಕಿಬಿದ್ದ ನಿಮ್ಮ ಫ್ರೆಂಡಿಗೂ ಮುಚ್ಚಿರುತ್ತೆ.

ಕೊನೆಗೊಂದು ಉಪಯೋಗದ ಮಾತು. ಜೈಲಿನಲ್ಲಿ ಇರೋರಿಗೆ, ಮಹಿಳೆಯರಿಗೆ ಅಪೀಲಿಗೂ ಉಚಿತ ವಕೀಲರು ಸಿಗ್ತಾರೆ. ಸಹಾಯವಾಣಿ 15100. ಸೇವ್ ಮಾಡ್ಕೊಳ್ಳಿ. ಮುಂದಿನ ವಾರ ಸಿಗೋಣ.